ಇರೇನಾಳ ತಲೆಬದಿಯ ಗೋಡೆ

ದಕ್ಷಿಣ ಪೋಲೆಂಡಿನ ಆ ಸಣ್ಣ ಊರಿನ ಪುರಸಭೆಯಲ್ಲಿ ಟೆಂಡರುಗಳನ್ನು ನೋಡಿಕೊಳ್ಳುತ್ತಿದ್ದವಳು ಡನೂತಾ. ಸ್ಮಶಾನದ ಕಲ್ಲುಗೋಡೆ ಕುಸಿದಾಗ ಷರತ್ತುಗಳನ್ನು ಬರೆದವಳೂ ಅವಳೇ. ಟೆಂಡರು ಹಾಕುವವರು ಕಳೆದ ಐದು ವರ್ಷಗಳಲ್ಲಿ ಇಂಥದೇ ಒಂದು ಕೆಲಸ ಮುಗಿಸಿರಬೇಕು. ಎಲ್ಲ ಕಡೆಯೂ ಇರುವ ಷರತ್ತು. ಬರೆಯುವಾಗ ಪಕ್ಕದ ಮನೆಯ ಬೊಗ್ದಾನ್ ಅವಳಿಗೆ ನೆನಪಾಗಲಿಲ್ಲ.

ಬೊಗ್ದಾನ್ ಕಲ್ಲುಗೋಡೆಯ ಮೇಸ್ತ್ರಿ. ಹೆಂಡತಿ ಇರೇನಾ ಹಾಸಿಗೆ ಹಿಡಿದ ಮೇಲೆ ಅವನು ಕರಣೆ ಮುಟ್ಟಿರಲಿಲ್ಲ. ಆರು ವರ್ಷ ಅವಳಿಗೆ ಬೀಟ್‌ರೂಟ್ ಸಾರು ಕುಡಿಸಿ, ತಲೆ ಬಾಚಿ, ಕಳೆದ ಚಳಿಗಾಲದಲ್ಲಿ ಮಣ್ಣಿಗಿಟ್ಟು ಬಂದಿದ್ದ. ಸಮಾಧಿ ಇದ್ದದ್ದು ಆ ಗೋಡೆಯ ಬುಡದಲ್ಲೇ.

"ನಾನೂ ಟೆಂಡರ್ ಹಾಕ್ತೀನಿ ಡನೂತಾ," ಎಂದ ಬೇಲಿಯಾಚೆಯಿಂದ. "ಅವಳ ತಲೆ ಹತ್ರದ ಗೋಡೆ ಬೇರೆಯವ್ರು ಸೊಟ್ಟ ಕಟ್ಟಿದ್ರೆ, ಬೈಸ್ಕೊಳ್ಳೋನು ನಾನು."

ಡನೂತಾ ನಕ್ಕಳು. ಆಮೇಲೆ ತಾನೇ ಬರೆದ ಐದು ವರ್ಷದ ಷರತ್ತು ನೆನಪಾಯಿತು. ಅನುಭವ ಸಾಲದವನು ಇನ್ನೊಬ್ಬ ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು, ಆ ಮೇಸ್ತ್ರಿ ಮುಗಿಸಿದ ಕೆಲಸವನ್ನೇ ಅನುಭವವೆಂದು ತೋರಿಸಬಹುದಿತ್ತು. ಷರತ್ತುಗಳ ಕೊನೆಯಲ್ಲಿ, ಕಾನೂನಿನ ಭಾಷೆಯಲ್ಲಿ, ಅದು ಇತ್ತು. ಆದರೆ ಒಬ್ಬನಿಗೆ ಮಾತ್ರ ಬಿಡಿಸಿ ಹೇಳುವಂತಿಲ್ಲ. ಅವನೇ ಬರೆದು ಕೇಳಿದರೆ, ಉತ್ತರವನ್ನು ಎಲ್ಲರಿಗೂ ಕಾಣುವಂತೆ ಹಾಕಬಹುದು. ಆ ಒಂದು ಪ್ರಶ್ನೆಗಾಗಿ ಅವಳು ಜಪಮಾಲೆ ಹಿಡಿದು ಕಾದಳು. ಪ್ರತಿ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಅವಳ ಮನೆಗೆ ಚಹಾಕ್ಕೆ ಬರುತ್ತಿದ್ದ ಬೊಗ್ದಾನ್, ಅಂದಿನಿಂದ ಬರುವುದನ್ನೇ ಬಿಟ್ಟ.

ಟೆಂಡರು ತೆರೆದಾಗ ಅನುಭವದ ಜಾಗದಲ್ಲಿ ಅವನು ಬರೆದಿದ್ದ: ಈ ವರ್ಷಗಳಲ್ಲಿ ಹೆಂಡತಿಯನ್ನು ನೋಡಿಕೊಂಡೆ.

ಈ ಒಂದು ಸಲ ಕಣ್ಣು ಮುಚ್ಚಿಕೋ ಎಂದರು ಕಚೇರಿಯ ಜೊತೆಯವರು. ಡನೂತಾಳಿಗೆ, ಷರತ್ತು ಓದಿ ಟೆಂಡರನ್ನೇ ಹಾಕದೆ ಉಳಿದ ಮೇಸ್ತ್ರಿಗಳು ಕಣ್ಮುಂದೆ ಬಂದರು. ಅವರ ಮನೆಗಳಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೋ, ದೇವರಿಗೇ ಗೊತ್ತು. ಬೊಗ್ದಾನನನ್ನು ಕೈಬಿಟ್ಟು ಸಹಿ ಹಾಕಿದಳು.

ಸಂಜೆ ಅವನ ಮನೆಗೆ ಹೋದಳು.

"ಒಂದ್ಮಾತು ಬರೆದು ಕೇಳ್ಬಾರ್ದಿತ್ತಾ, ಬೊಗ್ದಾನಣ್ಣ? ದಾರಿ ಇತ್ತು."

"ಪಕ್ಕದ್ಮನೆಯವ್ನಿಗೆ ಹೇಳ್ಕೊಟ್ಳು ಅಂತ ಊರು ನಿನ್ನ ಆಡ್ಕೊಳ್ಳುತ್ತೆ ಅಂತ ಕೇಳ್ಲಿಲ್ಲ. ಚಹಾಕ್ಕೂ ಅದಕ್ಕೇ ಬರ್ಲಿಲ್ಲ, ತಾಯಿ."

ನವೆಂಬರಿನಲ್ಲಿ ಊರಿನವರೆಲ್ಲ ಸಮಾಧಿಗಳಿಗೆ ದೀಪ ಹಚ್ಚುವ ದಿನ, ಹೊಸ ಗೋಡೆ ನೆಟ್ಟಗೆ ನಿಂತಿತ್ತು. ಬೊಗ್ದಾನ್ ದೀಪವಿಟ್ಟು, ಕಲ್ಲು ಕಲ್ಲನ್ನೂ ತಡವಿ ನೋಡಿದ. ಒಂದು ಕೊಂಕೂ ಸಿಗಲಿಲ್ಲ.

"ಚೆನ್ನಾಗೇ ಕಟ್ಟಿದಾರೆ," ಎಂದ, ಹಿಂದೆ ನಿಂತಿದ್ದ ಡನೂತಾಳಿಗೆ. "ಇನ್ನು ನನ್ನ ಬೈಯೋಕೂ ಅವಳಿಗೆ ಏನಿಲ್ಲ."