ಮೂವತ್ತೆಂಟರವರೆಗೆ ಎಣಿಸಿದ ದನಿ

ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಎದ್ದು ಚಹಾ ಕುಡಿಯಲು ಹೋಗುತ್ತಿದ್ದ ಮನುಷ್ಯ ನಾನು. ಅದು ಜಂಬವಲ್ಲ, ಬೆಳೆದ ಮನೆಯ ಅಭ್ಯಾಸ. ನಮ್ಮದು ಔರಾದಿನ ಬೌದ್ಧ ಕುಟುಂಬ. ಅಪ್ಪ ಶಾಲೆಯಲ್ಲಿ ವಿಜ್ಞಾನದ ಮಾಸ್ತರರಾಗಿದ್ದರು. ಚಿಕ್ಕವನಿದ್ದಾಗ ಹುಣಸೆಮರದ ಕೆಳಗೆ ಏನೋ ಬೆಳ್ಳಗೆ ಕಂಡಿತೆಂದು ನಾನು ಓಡಿ ಬಂದರೆ, ಕೈಗೆ ಬ್ಯಾಟರಿ ಕೊಟ್ಟು, "ಹೋಗಿ ನೋಡ್ಕೊಂಡು ಬಾ. ಏನಿತ್ತಂತ ನನಗೂ ಹೇಳು" ಎಂದು ವಾಪಸು ಕಳಿಸುತ್ತಿದ್ದರು. ಹೋಗಿ ನೋಡಿದರೆ ಯಾರದೋ ಒಣಗಲು ಹಾಕಿದ ಧೋತ್ರ ಹಾರಿಬಂದು ಟೊಂಗೆಗೆ ಸಿಕ್ಕಿರುತ್ತಿತ್ತು. ಹೀಗೆ ಬೆಳೆದವನಿಗೆ ಈಗ ಇದನ್ನು ಬರೆಯಲು ನಾಚಿಕೆಯೂ ಆಗುತ್ತಿದೆ. ಆದರೆ ಅಂದು ಒಂದು ಜೀವ ಹೋಗುವುದರಲ್ಲಿತ್ತು. ಅದಕ್ಕೆ ಅರ್ಧ ಕಾರಣ ನಾನೇ. ಅದೊಂದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ನಿಮಗೆ ಮೋಸ ಮಾಡಿದಂತಾಗುತ್ತದೆ.

ನನ್ನ ಕೆಲಸ ಧ್ವನಿಮುದ್ರಣ. ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಕಡೆಯ ಒಂದು ಚಾನೆಲ್‌ನವರು ಕನ್ನಡದಲ್ಲಿ ರಿಯಾಲಿಟಿ ಶೋ ಮಾಡಲು ಹೊರಟರು. ನಿರ್ಜನ ದ್ವೀಪದಲ್ಲಿ ಎಂಟು ಜನ, ಏಳು ದಿನ. ಸಿಕ್ಕಿದ್ದನ್ನು ತಿಂದು ಬದುಕಬೇಕು. ದಿನಕ್ಕೊಬ್ಬರು ಮತದಿಂದ ಹೊರಗೆ. ಸಮುದ್ರದ ದ್ವೀಪಕ್ಕೆ ಹೋಗುವ ತಾಕತ್ತು ಅವರಿಗಿರಲಿಲ್ಲ. ಹುಡುಕಿ ಹುಡುಕಿ ಭಾಲ್ಕಿ ಕಡೆ ಕಾರಂಜಾ ಹಿನ್ನೀರಿನ ನಡುವೆ ತಲೆ ಎತ್ತಿದ್ದ ಒಂದು ಗುಡ್ಡೆಯನ್ನು ಆರಿಸಿದರು. ಅದನ್ನೇ ತೆಂಗಿನಮರಗಳ ದೂರದ ದ್ವೀಪವೆಂದು ತೋರಿಸಬೇಕು. ಬೀದರಿನ ನರ್ಸರಿಯಿಂದ ಹದಿನೈದು ತೆಂಗಿನ ಸಸಿಗಳನ್ನು ತಂದು, ಕುಂಡಗಳಿಗೆ ಮಣ್ಣು ಮುಚ್ಚಿ ನಿಲ್ಲಿಸಿದರು. ಜಾಲಿಮರ ಚಿತ್ರದೊಳಗೆ ಬಂದರೆ ಕ್ಯಾಮೆರಾದವನಿಗೆ ಬೈಗುಳ. ಆಚೆ ದಡದಲ್ಲಿ ಎಮ್ಮೆ ಕೂಗಿದರೆ ನನಗೆ ಬೈಗುಳ.

ನಗು ಬರುವಂಥದ್ದೇ. ಆದರೆ ನಾಲ್ಕನೇ ದಿನದ ಹೊತ್ತಿಗೆ ಅಲ್ಲಿ ಉಳಿದಿದ್ದ ಐದು ಜನಕ್ಕೆ ಅದು ನಿಜವಾದ ದ್ವೀಪವೇ ಆಗಿತ್ತು. ಮೊಬೈಲುಗಳನ್ನು ಕಸಿದಿಟ್ಟುಕೊಂಡಿದ್ದರು. ಹೊಟ್ಟೆ ತುಂಬ ಊಟವಿರಲಿಲ್ಲ. ಎಲ್ಲರ ಮುಖ ಸಣ್ಣಗಾಗಿತ್ತು, ಸಣ್ಣ ಮಾತಿಗೂ ಜಗಳ ಏಳುತ್ತಿತ್ತು.

ಆ ಐವರಲ್ಲಿ ಒಬ್ಬಳು ರೂತ್. ಕಮಠಾಣದ ಹುಡುಗಿ, ಬೀದರಿನ ಒಂದು ದವಾಖಾನೆಯಲ್ಲಿ ನರ್ಸು. ತಾಯಿಯೂ ನರ್ಸಾಗಿದ್ದವರು. ಬೇರೆಯವರೆಲ್ಲ ಕ್ಯಾಮೆರಾ ಕಂಡೊಡನೆ ದನಿ ಏರಿಸುತ್ತಿದ್ದರು. ಇವಳು ಮಾತ್ರ ಹೇಳಿದ್ದನ್ನು ಹೇಳಿದಂತೆ ಮಾಡುವವಳು. ಯಾರಿಗಾದರೂ ತಲೆ ಸುತ್ತಿದರೆ ಹೋಗಿ ಕೈ ಹಿಡಿದು ನಾಡಿ ನೋಡುತ್ತಿದ್ದಳು. ತುಟಿಯೊಳಗೇ ಒಂದು, ಎರಡು ಎಂದು ಬಡಿತ ಎಣಿಸುತ್ತಿದ್ದಳು. ಅವಳ ಕೊರಳ ಬಳಿಯ ಮೈಕಿನಿಂದ ಅದು ನನ್ನ ಕಿವಿಗೆ ಸ್ಪಷ್ಟವಾಗಿ ಬೀಳುತ್ತಿತ್ತು.

ನನ್ನ ಕೆಲಸದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಚಿತ್ರೀಕರಣ ಮಾಡಿದ ಪ್ರತಿ ಜಾಗದಲ್ಲೂ ನಾವು ಒಂದು ನಿಮಿಷದ ಮೌನವನ್ನು ಮುದ್ರಿಸಿಕೊಳ್ಳುತ್ತೇವೆ. ಗಾಳಿ, ನೀರು, ದೂರದ ಹಕ್ಕಿ, ಅಷ್ಟೇ. ಆಮೇಲೆ ಮಾತುಗಳ ನಡುವಿನ ಬಿರುಕು ಮುಚ್ಚಲು ಅದು ಬೇಕು. ಆ ಒಂದು ನಿಮಿಷ ಅಲ್ಲಿರುವವರೆಲ್ಲ ಇದ್ದಲ್ಲೇ ನಿಲ್ಲಬೇಕು. ಕೆಮ್ಮುವಂತಿಲ್ಲ, ಕಾಲು ಎತ್ತಿಡುವಂತಿಲ್ಲ. ಆ ನಾಲ್ಕನೇ ದಿನ ಬೆಳಿಗ್ಗೆ ಎರಡು ಸಲ ರೂತ್ ಕೆಮ್ಮಿ ನಿಮಿಷ ಕೆಟ್ಟಿತ್ತು. ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು. ಎಲ್ಲರೆದುರು, "ಒಂದ್ ಮಿನಿಟ್ ಸುಮ್ಮ ಇರ್ಲಿಕ್ಕ ಆಗಲ್ಲೇನು ನಿಮಗ? ಜೀವ ಹೋದ್ರೂ ಸಪ್ಪಳ ಮಾಡಬ್ಯಾಡ್ರಿ" ಎಂದು ರೇಗಿದೆ. ಅದೇ ಮಾತು, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ. ನಿರ್ದೇಶಕರು ಅದಕ್ಕೆ ತಮ್ಮದನ್ನೂ ಸೇರಿಸಿದರು. ಮುಂದೆ ಮೌನ ಮುರಿದವರಿಗೆ ಸಂಜೆ ಎಲಿಮಿನೇಶನ್‌ನಲ್ಲಿ ಒಂದು ಮತ ಎಂದರು. ಅದು ಬರೀ ಹೆದರಿಸಲು ಆಡಿದ ಮಾತು. ರೂತ್ ತಲೆ ತಗ್ಗಿಸಿ, "ಆಯ್ತ್ರಿ ಸರ್" ಎಂದಳು.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಗೆಣಸು ಅಗೆಯುವ ಸ್ಪರ್ಧೆ ಮುಗಿಯಿತು. ಗೆಣಸನ್ನು ಹಿಂದಿನ ದಿನ ನಾವೇ ಹೂತಿದ್ದು. ರೂತಳ ಮೈಕಿನ ಡಬ್ಬಿಯಲ್ಲಿ ಸೆಲ್ಲು ಮುಗಿಯುತ್ತ ಬಂದಿತ್ತು. ಮೈಕು, ಡಬ್ಬಿ ಎರಡನ್ನೂ ಬಿಚ್ಚಿಸಿ ತೆಗೆದುಕೊಂಡೆ. "ಕೈ ತೊಳಕೊಂಡು ಬರ್ತೇನ್ರಿ" ಎಂದು ಅವಳು ದಂಡೆಯ ಇಳಿಜಾರಿನ ಕಡೆ ಹೋದಳು. ನಾವಿದ್ದಲ್ಲಿಂದ ಆ ಜಾಗ ಕಾಣುತ್ತಿರಲಿಲ್ಲ. ನಾನು ಸೆಲ್ಲು ಎರಡನ್ನೂ ತೆಗೆದು, ಕಪ್ಪು ಗೀಟು ಎಳೆದು, ಎಡಜೇಬಿಗೆ ಹಾಕಿದೆ. ಮುಗಿದ ಸೆಲ್ಲು ಹೊಸದರ ಜೊತೆ ಕಲೆಯಬಾರದೆಂದು ನನ್ನ ಹಳೆಯ ರೂಢಿ ಅದು. ಅಷ್ಟರಲ್ಲಿ ಮೋಡ ಬಂದೀತು, ಬೇಗ ಮೌನ ಮುದ್ರಿಸಿಕೋ ಎಂದು ನಿರ್ದೇಶಕರು ಅವಸರಿಸಿದರು. ಖಾಲಿ ಡಬ್ಬಿಯನ್ನು ಬಾಯಿ ತೆರೆದಂತೆಯೇ ತೊಡೆಯ ಮೇಲೆ ಇಟ್ಟುಕೊಂಡು ಹೆಡ್‌ಫೋನ್ ಹಾಕಿದೆ. ಅವರು ಜೋರಾಗಿ ಸೀಟಿ ಊದಿದರು. ಎಲ್ಲರೂ ನಿಂತಲ್ಲೇ ನಿಂತರು. ನಾನು ಮುದ್ರಣ ಶುರು ಮಾಡಿದೆ.

ಮೊದಲು ಗಾಳಿ. ಎಲ್ಲೋ ಒಂದು ಟಿಟ್ಟಿಭ ಹಕ್ಕಿ ಕೂಗಿತು. ಆಮೇಲೆ ಕಿವಿಯ ಒಳಗೇ, ತೀರ ಹತ್ತಿರದಿಂದ, ಒಂದು ದನಿ ಕೇಳಿತು.

"ಇಪ್ಪತ್ತೇಳು... ಇಪ್ಪತ್ತೆಂಟು..."

ಯಾರೋ ಎಣಿಸುತ್ತಿದ್ದರು. ನನಗೆ ಬಂದದ್ದು ಭಯವಲ್ಲ, ಸಿಟ್ಟು. ಮತ್ತೆ ನಿಮಿಷ ಕೆಟ್ಟಿತಲ್ಲ ಎಂದುಕೊಂಡು ಎದುರಿನ ನಾಲ್ವರ ಮುಖ ನೋಡಿದೆ. ಯಾರ ತುಟಿಯೂ ಅಲುಗುತ್ತಿರಲಿಲ್ಲ. ಯಂತ್ರದ ಕಡೆ ನೋಡಿದೆ. ನಾಲ್ಕನೇ ಸಾಲಿನ ಹಸಿರು ದೀಪ ಒಂದೊಂದು ಸಂಖ್ಯೆಗೂ ಏರಿ ಇಳಿಯುತ್ತಿತ್ತು. ನಾಲ್ಕನೇ ಸಾಲು ರೂತಳ ಮೈಕಿನದು. ಆ ಮೈಕು ಡಬ್ಬಿಯ ಸಮೇತ ನನ್ನ ತೊಡೆಯ ಮೇಲಿತ್ತು. ಡಬ್ಬಿಯಲ್ಲಿ ಸೆಲ್ಲಿರಲಿಲ್ಲ.

"ಮೂವತ್ತೊಂದು... ಮೂವತ್ತೆರಡು..."

ನಾಡಿ ನೋಡುವಾಗಿನ ಅದೇ ದನಿ, ಅದೇ ಲಯ. ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆದರೂ ನಾನು ಏಳಲಿಲ್ಲ. ಎದ್ದರೆ ನಿಮಿಷ ಕೆಡುತ್ತದೆ, ಬೆಳಿಗ್ಗೆಯಿಂದ ಮೂರನೇ ಸಲ, ನಿರ್ದೇಶಕರು ಈಗ ನನ್ನ ಮೇಲೆ ಹಾರಾಡುತ್ತಾರೆ ಎಂದು ಕೂತಿದ್ದೆ. ಮೂವತ್ತೈದು, ಮೂವತ್ತಾರು ಎಂದು ಎಣಿಕೆ ತೊದಲತೊಡಗಿತು. ಮೂವತ್ತೆಂಟು ಕೇಳಿಸಿತು. ಮೂವತ್ತೊಂಬತ್ತು ಬರಲಿಲ್ಲ. ನಾಲ್ಕನೇ ಸಾಲಿನ ದೀಪ ಕೆಳಗಿಳಿದು ಹಾಗೇ ನಿಂತಿತು.

ಹೆಡ್‌ಫೋನ್ ಕಿತ್ತೆಸೆದು ಇಳಿಜಾರಿನ ಕಡೆ ಓಡಿದೆ. ಹಿಂದಿನಿಂದ ನಿರ್ದೇಶಕರು ಏನೋ ಕಿರುಚಿದರು. ದಂಡೆಯಲ್ಲಿ ಯಾರೂ ಇರಲಿಲ್ಲ. ಒಂದು ಜೊತೆ ಚಪ್ಪಲಿ ಇತ್ತು, ಪಕ್ಕದಲ್ಲಿ ಎರೆಮಣ್ಣು ಜರಿದ ಗುರುತಿತ್ತು. ಎರಡು ಮಾರು ದೂರದಲ್ಲಿ ನೀರಿನ ಮೇಲೆ ಕಪ್ಪಗೆ ಕೂದಲು ಹರಡಿತ್ತು. ಹಣೆ ಇತ್ತು, ಕಣ್ಣಿತ್ತು, ಮೂಗು ನೀರೊಳಗಿತ್ತು. ನಾನು ನೀರಿಗಿಳಿಯಲು ಹೋದೆ.

"ಇಳಿಬ್ಯಾಡ್ರಿ! ನೀವೂ ಹುಗೀತೀರಿ!" ಎಂದು ಕೂಗಿದವನು ದೋಣಿ ನಡೆಸುವ ಮಾರುತಿ ಕಾಕಾ. ಅವನು ಓಡಿ ಬರುತ್ತಲೇ ಶೋಗೆಂದು ನಾವು ಕಟ್ಟಿದ್ದ ಗುಡಿಸಲಿನಿಂದ ಎರಡು ಬಿದಿರು ಕಿತ್ತು ತಂದಿದ್ದ. ಅವನ್ನು ಕೆಸರಿನ ಮೇಲೆ ಅಡ್ಡ ಹಾಕಿ ಬೋರಲು ಮಲಗಿ ಮುಂದೆ ಸರಿದ. ನಾನು ಅವನ ಕಾಲು ಹಿಡಿದುಕೊಂಡೆ. ಕೂದಲು ಹಿಡಿದು, ಆಮೇಲೆ ಕಂಕುಳಿಗೆ ಕೈ ಹಾಕಿ, ಅವನು ಅವಳನ್ನು ಇಂಚಿಂಚಾಗಿ ಎಳೆದ. ಸೊಂಟದವರೆಗೆ ಎರೆಮಣ್ಣು ಹಿಡಿದಿಟ್ಟಿತ್ತು. ಹೊರಗೆ ಬಂದಾಗ ಅವಳಿಗೆ ಉಸಿರಿರಲಿಲ್ಲ. ಕಾಕಾ ಮಗುಚಿ ಬೆನ್ನಿಗೆ ಗುದ್ದಿದ. ನೀರು ಬಂತು, ಆಮೇಲೆ ಕೆಮ್ಮು ಬಂತು. ಬೆಳಿಗ್ಗೆ ನಾನು ಬೈದಿದ್ದ ಅದೇ ಕೆಮ್ಮು. ಅದನ್ನು ಕೇಳಿ ನಾನು ಕೆಸರಿನಲ್ಲೇ ಕೂತು ಅತ್ತುಬಿಟ್ಟೆ.

ದೋಣಿಯಲ್ಲಿ ಈಚೆ ದಡಕ್ಕೆ ತಂದು ಭಾಲ್ಕಿಯ ದವಾಖಾನೆಗೆ ಸೇರಿಸಿದೆವು. ಮರುದಿನ ನೋಡಲು ಹೋದೆ. ನಾನು ಕೇಳಿದ್ದನ್ನು ಹೇಳದೆ, ಮೊದಲು ಅವಳನ್ನೇ ಕೇಳಿದೆ.

"ಯಾಕ ಕೂಗ್ಲಿಲ್ಲಮ್ಮಾ?"

"ನೀವೇ ಅಂದಿದ್ರಲ್ರಿ ಸರ್, ಸಪ್ಪಳ ಮಾಡಬ್ಯಾಡ್ರಿ ಅಂತ" ಎಂದಳು. ದನಿ ಒಡೆದಿತ್ತು. "ಸೀಟಿ ಕೇಳ್ದಾಗ ಬರೇ ಮೊಣಕಾಲ ತನಕ ಹುಗದಿತ್ತು. ಒಂದ್ ಮಿನಿಟ್ ತಡದು, ಆಮ್ಯಾಲ ಕರದ್ರಾಯ್ತು ಅಂತ ಎಣಸ್ಲತ್ತಿದ್ದೆ. ನಡುವ ಮಣ್ಣು ಜರೀತು. ಕೂಗಬೇಕಂದ್ರ ಬಾಯಾಗ ನೀರು ತುಂಬಿತ್ರಿ."

"ಎಷ್ಟರ ತನಕ ಎಣಸಿದ್ದಿ?"

"ಮೂವತ್ತೆಂಟು. ಅಲ್ಲಿಂದ ಮುಂದ ನೆನಪಿಲ್ರಿ."

"ಬಾಯಿ ಬಿಟ್ಟು ಎಣಸಿದ್ದೇನು?"

"ಇಲ್ರಿ. ಮನಸಿನಾಗೇ."

ಆ ರಾತ್ರಿಯೇ ಫೈಲು ತೆರೆದು ಕೇಳಿದೆ. ಗಾಳಿಯಿದೆ, ಟಿಟ್ಟಿಭವಿದೆ, ನನ್ನ ಉಸಿರಾಟವಿದೆ. ಮೂವತ್ತೆಂಟನೇ ಸೆಕೆಂಡು ದಾಟುತ್ತಲೇ ಹೆಡ್‌ಫೋನ್ ಬಿದ್ದ ಸದ್ದಿದೆ. ನಾಲ್ಕನೇ ಸಾಲಿನಲ್ಲಿ ಏನೂ ಇಲ್ಲ. ಸೆಲ್ಲಿಲ್ಲದ ಮೈಕಿನಲ್ಲಿ ಏನು ಇರಬೇಕೋ ಅಷ್ಟೇ ಇದೆ. ಶೋ ಅಲ್ಲಿಗೇ ನಿಂತಿತು, ಪ್ರಸಾರವಾಗಲಿಲ್ಲ.

ಔರಾದಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ನಗಲಿಲ್ಲ. ಸೆಲ್ಲು ತೆಗೆದದ್ದು ಖಾತ್ರಿಯೇ, ಮೊದಲು ಅವಳು ಎಣಿಸುವುದನ್ನು ಕೇಳಿದ್ದೆಯಾ ಎಂದೆಲ್ಲ ವಿಚಾರಿಸಿದರು. ಕೇಳಿದ್ದೆ ಎಂದೆ.

"ಹಂಗಾದ್ರ ನಿನ್ನ ಕಿವಿನೇ ಹಳೇದನ್ನ ತಗದು ಕೊಟ್ಟದ. ದೀಪ ಏರಿದ್ದು ಗಾಬ್ರಿಯಾಗ ಕಂಡಿದ್ದು."

"ಮತ್ತ ಮೂವತ್ತೆಂಟು, ಅಪ್ಪಾ?"

ಅವರು ಚಷ್ಮಾ ತೆಗೆದು ಒರೆಸಿದರು. "ಅದು ನನಗ ಗೊತ್ತಿಲ್ಲ. ಬರದ್ರ ಗೊತ್ತಿಲ್ಲಂತನೇ ಬರಿ. ಇಲ್ಲದ್ದು ಕೂಡಿಸಬ್ಯಾಡ" ಎಂದರು.

ಅವರ ಮಾತಿನಂತೆ ಬರೆದಿದ್ದೇನೆ. ಈಗಲೂ ಎಲ್ಲೆಡೆ ಒಂದು ನಿಮಿಷದ ಮೌನ ಮುದ್ರಿಸುತ್ತೇನೆ. ಅದಕ್ಕೂ ಮೊದಲು ಎಲ್ಲರಿಗೂ, ಏನಾದರೂ ಆದರೆ ನನ್ನ ಮುಖ ನೋಡಬೇಡಿ, ಕೂಗಿಬಿಡಿ ಎಂದು ಹೇಳುತ್ತೇನೆ. ಹೊಸಬರು ನಗುತ್ತಾರೆ.

ಆ ದನಿಯ ವಿಷಯವನ್ನು ರೂತಳಿಗೆ ಮಾತ್ರ ಬಹಳ ದಿನ ಹೇಳಿರಲಿಲ್ಲ. ಹೋದ ವರ್ಷ ಬೀದರಿನಲ್ಲಿ ಸಿಕ್ಕಳು. ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದಳು. ಚಹಾ ಕುಡಿಯುತ್ತ ಎಲ್ಲವನ್ನೂ ಹೇಳಿದೆ. ಇಪ್ಪತ್ತೇಳರಿಂದ ಕೇಳಿಸಿತ್ತು ಎಂದೂ ಹೇಳಿದೆ. ಅವಳಿಗೆ ಆಶ್ಚರ್ಯವಾದೀತು, ದೇವರನ್ನು ನೆನೆದಾಳು ಎಂದುಕೊಂಡಿದ್ದೆ. ಅವಳು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಇಪ್ಪತ್ತೇಳಕ್ಕೇ ಕೇಳಸಿತ್ತೇನ್ರಿ ಸರ್? ಮತ್ತ ಮೂವತ್ತೆಂಟರ ತನಕ ಯಾಕ ಕುಂತ್ರಿ?"

ಆ ದನಿ ಎಲ್ಲಿಂದ ಬಂತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಗೊತ್ತಿತ್ತು, ಆದರೆ ಇನ್ನೊಂದು ಚಹಾ ಹೇಳಲೇ ಎಂದೆ. ಚಹಾದ ದುಡ್ಡು ಅವಳೇ ಕೊಟ್ಟು ಹೋದಳು.