ಅದೆಲ್ಲ ಎಡ್ನಾ ಆಂಟಿಯದು

ವರ್ಷಕ್ಕೆ ಎಂಟು ಹಬ್ಬಗಳನ್ನು ಋತು ನೋಡಿ ಮಾಡುವ ಮನೆ ನಮ್ಮ ಗಲ್ಲಿಯಲ್ಲಿ ನಮ್ಮದೊಂದೇ ಎನ್ನುವುದು ನನಗಿನ್ನೂ ಗೊತ್ತಿರದಿದ್ದ ಕಾಲ ಅದು. ನನಗಾಗ ಹತ್ತು ವರ್ಷ. ಲೇಕ್ ಮಾರ್ಕೆಟ್‌ನ ಹಿಂದೆ, ಹಸಿರು ಕಿಟಕಿಗಳ ಒಂದು ಹಳೆಯ ಮನೆಯ ಮೇಲ್ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಬೆಳಿಗ್ಗೆ ಕಿಟಕಿ ತೆರೆದರೆ ಒಂದು ಕಡೆಯಿಂದ ಕಾಫಿಬೀಜ ಹುರಿಯುವ ಘಮ, ಇನ್ನೊಂದು ಕಡೆಯಿಂದ ಮೀನಿನ ವಾಸನೆ. ಅಪ್ಪ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ, ಅವ್ವ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ. ಇಬ್ಬರೂ ಧಾರವಾಡದ ಕಡೆಯವರು, ಕೆಲಸಕ್ಕೆಂದು ಈ ಬಂಗಾಳಿ ಊರಿಗೆ ಬಂದವರು.

ಅಪ್ಪ ಮುಂಜಾನೆ ಒಳಕೋಣೆಯಲ್ಲಿ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದ. ಅವ್ವನ ಜಾಗ ಹಿಂದಿನ ಬಾಲ್ಕನಿ. ಅಲ್ಲೊಂದು ಮಣೆಯ ಮೇಲೆ ಹಿತ್ತಾಳೆ ಬಟ್ಟಲಲ್ಲಿ ನೀರು, ಒಂದು ಹಿಡಿ ಕಲ್ಲುಪ್ಪು, ಮಣ್ಣಿನ ಹಣತೆ, ಕೆರೆಯ ದಂಡೆಯಲ್ಲಿ ಸಿಕ್ಕ ಕೊಕ್ಕರೆಯ ಗರಿ. ಇವುಗಳ ಜೊತೆಗೆ ಆಯಾ ಕಾಲದ ಹೂವು. ಚಳಿ ಮುಗಿಯುವಾಗ ಮುತ್ತುಗ, ಮಳೆಗಾಲಕ್ಕೆ ಕದಂಬ, ದುರ್ಗಾಪೂಜೆಯ ಹೊತ್ತಿಗೆ ಪಾರಿಜಾತ. ಅವ್ವ ತನ್ನನ್ನು ಪೇಗನ್ ಎಂದು ಕರೆದುಕೊಳ್ಳುತ್ತಿದ್ದಳು. ಭೂಮಿಯನ್ನೇ ದೇವಿಯೆಂದು ತಿಳಿದು, ಋತುಗಳು ತಿರುಗುವುದನ್ನೇ ಹಬ್ಬವಾಗಿ ಮಾಡುವವರು ಎಂದಷ್ಟೇ ನನಗೆ ಅರ್ಥವಾಗಿತ್ತು. ಇನ್ನೂ ಕೇಳಿದರೆ ಅವ್ವ ನೀರಲ್ಲಿ ನೆನೆದು ಮೊಳಕೆ ಒಡೆದ ಹೆಸರುಕಾಳೊಂದನ್ನು ನನ್ನ ಅಂಗೈಗೆ ಹಾಕುತ್ತಿದ್ದಳು.

"ದೇವರು ಎಲ್ಲದಾನ ಅಂತ ಕೇಳಬ್ಯಾಡ. ಇದರಾಗ ಏನ್ ನಡದೈತಿ ನೋಡು. ನನಗ ಅಷ್ಟ ಸಾಕು."

ಹಬ್ಬಕ್ಕೆ ಬರುತ್ತಿದ್ದವರು ಇಬ್ಬರೇ. ಒಬ್ಬರು ಅವ್ವನ ಕಾಲೇಜಿನಲ್ಲೇ ಪಾಠ ಮಾಡುತ್ತಿದ್ದ ಶ್ರಾಬಣಿ ಮಾಸಿ. ಇನ್ನೊಬ್ಬರು ಎಡ್ನಾ ಆಂಟಿ. ಅವರು ಆಂಗ್ಲೋ ಇಂಡಿಯನ್, ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದರಿಂದ ಅವರ ತಮ್ಮ ಅವರೊಂದಿಗೆ ಮಾತು ಬಿಟ್ಟಿದ್ದ. ಸಿಯಾಲ್ದಾ ಹತ್ತಿರದ ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರಿಗೆ ಮೂವತ್ತು ವರ್ಷಗಳಿಂದ ಈ ಹಾದಿ ಗೊತ್ತಿತ್ತು. ಅವ್ವನಿಗೆ ಹೇಳಿಕೊಟ್ಟವರೂ ಅವರೇ. ಹೂವಿನ ಚಿತ್ರದ ಫ್ರಾಕು, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಮೆಟ್ಟಿಲು ಹತ್ತುವಾಗ ಮಂಡಿ ನೋವಿಗೆ ಅವರು ಬೈಯುತ್ತಿದ್ದ ಬೈಗುಳ ಕೇಳಿಯೇ ನಾನು ಬಾಗಿಲು ತೆಗೆಯುತ್ತಿದ್ದೆ. ಲವಂಗ ಹಾಕಿದ ಅವರ ಬಿಸ್ಕತ್ತು ನಾಲಿಗೆಯನ್ನು ಸ್ವಲ್ಪ ಸುಡುತ್ತಿತ್ತು, ಆದರೂ ಬಿಡಲು ಆಗುತ್ತಿರಲಿಲ್ಲ.

"ಇದು ಗುಟ್ಟಲ್ಲ," ಎನ್ನುತ್ತಿದ್ದಳು ಅವ್ವ. "ಆದ್ರ ಡಂಗುರ ಸಾರೂದೂ ಬ್ಯಾಡ."

ಯಾಕೆಂದು ನನಗೆ ಗೊತ್ತಿತ್ತು. ಒಮ್ಮೆ ಶ್ರಾಬಣಿ ಮಾಸಿ ಪತ್ರಿಕೆಯ ಸುದ್ದಿಯೊಂದನ್ನು ಮೆಲ್ಲಗೆ ಓದಿ ಹೇಳಿದ್ದರು. ಎಲ್ಲೋ ದೂರದ ಹಳ್ಳಿಯಲ್ಲಿ ಒಬ್ಬ ಹೆಂಗಸನ್ನು 'ಡೈನಿ' ಎಂದು, ಅಂದರೆ ಮಾಟಗಾತಿ ಎಂದು, ಊರವರೇ ಹೊಡೆದಿದ್ದರು. ನಾನು ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ. ನಾನು ಕೇಳಿಸಿಕೊಂಡೆನೆಂದು ಅವರಿಗೆ ತಿಳಿಯಲಿಲ್ಲ.

ಕೆಳಗಿನ ಮನೆಯಲ್ಲಿ ಮನೆಯ ಮಾಲೀಕರಾದ ದಾದು, ಅವರ ಸೊಸೆ ಕಾಕಿಮಾ, ಮೊಮ್ಮಗಳು ತುಲಿ. ತುಲಿ ನನ್ನದೇ ತರಗತಿಯವಳು. ನಾನು ಬಂಗಾಳಿ ಕಲಿತದ್ದು ಅವಳ ಜೊತೆ ಜಗಳವಾಡಿ.

ಆ ವರ್ಷ ಅಕ್ಟೋಬರ್ ಕೊನೆಯಲ್ಲಿ ಮೇಲಿನ ಹಬ್ಬವೂ ಕೆಳಗಿನ ಹಬ್ಬವೂ ಒಟ್ಟೊಟ್ಟಿಗೆ ಬಂದವು. ಕೆಳಗೆ ಭೂತ ಚತುರ್ದಶಿ. ಕಾಳಿಪೂಜೆಯ ಹಿಂದಿನ ದಿನ ಹದಿನಾಲ್ಕು ತಲೆಮಾರಿನ ಹಿರಿಯರಿಗೆಂದು ಹದಿನಾಲ್ಕು ದೀಪ ಹಚ್ಚಿ, ಹದಿನಾಲ್ಕು ಬಗೆಯ ಸೊಪ್ಪು ತಿನ್ನುವ ದಿನ. ಕಾಕಿಮಾ ಸಾಸಿವೆಯೆಣ್ಣೆಯಲ್ಲಿ ಬಾಡಿಸಿದ ಸೊಪ್ಪನ್ನು ಒಂದು ಬಟ್ಟಲು ಮೇಲೆ ಕಳಿಸಿದ್ದರು. ಅವ್ವ ಅದನ್ನು ತಿನ್ನುವ ಮೊದಲು ಎಲೆ ಎಲೆ ಬಿಡಿಸಿ ನೋಡಿ, "ಹದಿನಾಲ್ಕಿಲ್ಲ, ಹನ್ನೊಂದ ಅದಾವ. ಬಾಜಾರದಾಗ ಮೋಸ ಮಾಡ್ಯಾರ," ಎಂದು ನಕ್ಕಳು.

ಮೇಲಿನ ಹಬ್ಬದ ಹೆಸರನ್ನು ಎಡ್ನಾ ಆಂಟಿ 'ಸಾವಿನ್' ಎಂದು ಉಚ್ಚರಿಸುತ್ತಿದ್ದರು. ಸುಗ್ಗಿ ಮುಗಿದು ಕತ್ತಲ ದಿನಗಳು ಶುರುವಾಗುವಾಗ ಸತ್ತವರನ್ನು ಊಟಕ್ಕೆ ಕರೆಯುವ ಹಬ್ಬ. ಅದು ಕನ್ನಡದ್ದೇ ಹೆಸರು, ಸಾವಿನ ಹಬ್ಬ, ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಆ ಬೇಸಿಗೆಯಲ್ಲಿ ಅವ್ವನ ಅಪ್ಪ, ನನ್ನ ಅಜ್ಜ, ತೀರಿಕೊಂಡಿದ್ದ. ರೈಲಿಳಿದು ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದುಹೋಗಿತ್ತು. ಅವ್ವನಿಗೆ ಮುಖ ನೋಡಲು ಸಿಗಲಿಲ್ಲ. ಹಾಗಾಗಿ ಈ ಸಲದ ಊಟಕ್ಕೆ ಅವಳು ಧಾರವಾಡದಿಂದ ತಂದಿದ್ದ ಜೋಳದ ಹಿಟ್ಟಿನ ಡಬ್ಬಿ ತೆಗೆದಳು. ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನಿಂದ ತುಲಿ, "ಏನು ರಿಪೇರಿ ನಡೀತಿದೆ?" ಎಂದು ಕೂಗಿದಳು. ಅಪ್ಪ ಈ ಹಬ್ಬಗಳಲ್ಲಿ ಕೂಡುತ್ತಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ನನಗೆ ಹೇಳಿದ, "ನಿಮ್ಮವ್ವಂದು ಆಕೀದು, ನಂದು ನಂದು. ನೀ ಶೇಂಗಾ ಹುರಿ, ನಾ ಚಟ್ನಿ ಕುಟ್ಟತೀನಿ."

ಮುಸ್ಸಂಜೆಗೆ ಊಟಕ್ಕೆ ಕೂತೆವು. ಒಂದು ಕುರ್ಚಿ ಖಾಲಿ. ಅದರ ಮುಂದೆ ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಅಜ್ಜನಿಗೆ ಬೇಕೇ ಬೇಕಾದ ಹಸಿ ಈರುಳ್ಳಿ. ಊಟ ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ. ಅರ್ಧದಲ್ಲಿ ಅವ್ವ ಖಾಲಿ ಕುರ್ಚಿಯ ಕಡೆ ತಿರುಗಿ, ತುಟಿ ಮಾತ್ರ ಅಲ್ಲಾಡಿಸಿ ಏನೋ ಹೇಳಿದಳು. ಕಣ್ಣೀರು ಗಲ್ಲದಿಂದ ಇಳಿದು ರೊಟ್ಟಿಯ ಮೇಲೆ ಬಿತ್ತು. ಎಡ್ನಾ ಆಂಟಿ ಅವಳ ಬೆನ್ನ ಮೇಲೆ ಕೈಯಿಟ್ಟರು. ಊಟ ಮುಗಿಯುವ ತನಕ ಆ ಕೈ ತೆಗೆಯಲಿಲ್ಲ. ಎಡಗೈಯಲ್ಲೇ ಉಂಡರು. ಅಜ್ಜ ಸತ್ತ ಮೇಲೆ ಅವ್ವ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ತುಲಿಗೆ ಹೇಳದಿರಲು ಆಗಲಿಲ್ಲ. ಹೇಳುವುದನ್ನಾದರೂ ನೆಟ್ಟಗೆ ಹೇಳಿದೆನೇ?

"ನಿನ್ನೆ ನಮ್ಮ ಅಜ್ಜ ಊಟಕ್ಕೆ ಬಂದಿದ್ದ," ಎಂದೆ.

"ಸತ್ತುಹೋದ ಅಜ್ಜನಾ?"

"ಹೂಂ. ಕುರ್ಚಿ ತಾನಾಗೇ ಹಿಂದೆ ಸರಿಯಿತು. ಈರುಳ್ಳಿ ಕಡಿದ ಸದ್ದು ಕೇಳಿಸಿತು."

ತುಲಿಯ ಕಣ್ಣು ಅಗಲವಾದದ್ದು ನೋಡಿ ನನಗೆ ಖುಷಿಯಾಯಿತು. ಆದರೆ ಅವಳು ಮೂರು ದಿನ ಶಾಲೆಗೆ ಬರಲಿಲ್ಲ. ಜ್ವರ ಬಂದಿತ್ತು. ಕುರ್ಚಿ ನೋಡಿದರೆ ಕಿರುಚುತ್ತಿದ್ದಳಂತೆ.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಕಾಕಿಮಾ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅವರು ಕೆಟ್ಟವರಲ್ಲ. ನನ್ನ ಬ್ಯಾಗು ಇಳಿಸಿ, ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕಣ್ಣ ಸುತ್ತ ಕಪ್ಪಾಗಿತ್ತು.

"ನೀಲಾ, ನಿಜ ಹೇಳಮ್ಮ. ಮೇಲೆ ಏನು ನಡೆಯುತ್ತೆ? ಆಚೆಮನೆಯವರು ಡೈನಿ ಅಂತೆಲ್ಲ ಮಾತಾಡ್ತಿದ್ದಾರೆ. ನಿಮ್ಮಮ್ಮ..."

ನನಗೆ ಪತ್ರಿಕೆಯ ಆ ಹೆಂಗಸು ಕಣ್ಣ ಮುಂದೆ ಬಂದಳು. ಅವಳಿಗೆ ಅವ್ವನ ಮುಖವಿತ್ತು.

"ಅದೆಲ್ಲ ಎಡ್ನಾ ಆಂಟಿಯದು," ಎಂದೆ. "ಅವರೇ ಬಂದು ಮಾಡ್ತಾರೆ. ಅಮ್ಮ ಬರೀ ಅಡುಗೆ ಮಾಡ್ತಾಳೆ. ಅಮ್ಮನಿಗೆ ಏನೂ ಗೊತ್ತಿಲ್ಲ."

ಕಾಕಿಮಾ ಉಸಿರು ಬಿಟ್ಟರು. ನನ್ನ ತಲೆ ಸವರಿ, "ನನಗೆ ಗೊತ್ತಿತ್ತು," ಎಂದರು.

ಭಾನುವಾರ ಬೆಳಿಗ್ಗೆ ನಾನು ಮುಂದಿನ ಬಾಲ್ಕನಿಯಲ್ಲಿದ್ದೆ. ಎಡ್ನಾ ಆಂಟಿ ಗಲ್ಲಿಯ ತಿರುವಿನಲ್ಲಿ ಕಾಣಿಸಿಕೊಂಡರು, ಕೈಯಲ್ಲಿ ಡಬ್ಬಿ. ಗೇಟಿನ ಹತ್ತಿರ ದಾದು ಎದ್ದು ನಿಂತರು. ದನಿ ಎತ್ತರಿಸದೆ, ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ ಮಾತಾಡಿದರು. ಮೇಡಂ, ದಯವಿಟ್ಟು ಇನ್ನು ಈ ಮನೆಗೆ ಬರಬೇಡಿ. ಮಕ್ಕಳಿರುವ ಮನೆ. ಮೇಲಿನ ಮಗುವೇ ಹೇಳಿದೆ. ಎಡ್ನಾ ಆಂಟಿ ಒಮ್ಮೆ ತಲೆಯೆತ್ತಿ ಮೇಲೆ ನೋಡಿದರು. ಒಣಹಾಕಿದ್ದ ಸೀರೆಯ ಹಿಂದೆ ನಾನು ಸರಿದೆ. ಮತ್ತೆ ಇಣುಕುವಷ್ಟರಲ್ಲಿ ಡಬ್ಬಿ ಗೇಟಿನ ಕಟ್ಟೆಯ ಮೇಲಿತ್ತು. ಅವರು ಒಂದು ಕಾಲು ಎಳೆಯುತ್ತ ಟ್ರಾಮ್ ರಸ್ತೆಯ ಕಡೆ ಹೊರಟಿದ್ದರು.

"ಯಾರ ಬಂದಿದ್ರು?" ಎಂದು ಒಳಗಿನಿಂದ ಅಪ್ಪ ಕೇಳಿದ.

"ಯಾರೂ ಇಲ್ಲ," ಎಂದೆ.

ಆಮೇಲೆ ಅವ್ವ ಫೋನು ಮಾಡಿದಾಗಲೆಲ್ಲ ಎಡ್ನಾ ಆಂಟಿ ಮಂಡಿನೋವು, ಮೆಟ್ಟಿಲು ಹತ್ತಲಾಗದು ಎನ್ನುತ್ತಿದ್ದರಂತೆ. ಅವ್ವ ಎಣ್ಣೆ ಕಾಯಿಸಿ ಬಾಟಲಿ ತುಂಬಿ ಶ್ರಾಬಣಿ ಮಾಸಿಯ ಕೈಲಿ ಕಳಿಸಿದಳು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ನಾವಿಬ್ಬರೂ ತರಕಾರಿ ಚೀಲ ಹಿಡಿದು ಬರುವಾಗ ಕಾಕಿಮಾ ಅವ್ವನ ಕೈ ಹಿಡಿದು ಹೇಳಿದರು. ಆ ಮೇಮ್‌ಸಾಹೇಬ್ ಬರುವುದು ನಿಂತದ್ದು ಒಳ್ಳೆಯದಾಯಿತು. ನೀಲಾ ಎಲ್ಲ ಹೇಳಿದ್ದಾಳೆ, ನೀವು ಪಾಪದವರು, ನಿಮಗೇನು ಗೊತ್ತು.

ಅವ್ವ ಚೀಲ ಕೆಳಗಿಟ್ಟಳು. ಕಾಕಿಮಾ ಅವರನ್ನು ದಾಟಿ, ಚಪ್ಪಲಿ ಕಳಚಿ, ನೇರ ದಾದು ಕೂತಿದ್ದ ಕೋಣೆಗೆ ಹೋದಳು. ಅವಳ ಬಂಗಾಳಿ ಮುರುಕಲು. ಆದರೆ ಅಂದು ಬೇಕಾದದ್ದು ಎರಡೇ ಮಾತು.

"ಓಟಾ ಆಮಾರ್," ಎಂದಳು. "ಶೊಬ್ ಆಮಾರ್." ಅದು ನನ್ನದು. ಎಲ್ಲವೂ ನನ್ನದು. ಆಮೇಲೆ ಇಂಗ್ಲಿಷಿನಲ್ಲಿ ಕುರ್ಚಿಯ ಬಗ್ಗೆ, ತನ್ನ ಅಪ್ಪನ ಬಗ್ಗೆ, ರೊಟ್ಟಿಯ ಬಗ್ಗೆ ಹೇಳಿದಳು. ದಾದು ಕನ್ನಡಕ ತೆಗೆದು ಒರೆಸುತ್ತ ಕೂತರು. ಅವರಿಗೆ ಸ್ವಲ್ಪ ಅರ್ಥವೂ ಆಗಿತ್ತೇನೋ. ಆದರೂ ಕೊನೆಗೆ, ಚಳಿಗಾಲ ಮುಗಿಯುವಷ್ಟರಲ್ಲಿ ಬೇರೆ ಮನೆ ನೋಡಿಕೊಳ್ಳಿ ಎಂದರು.

ಮೇಲೆ ಬಂದು ಅವ್ವ ದೀಪವನ್ನೂ ಹಾಕದೆ ಕೂತಳು.

"ನೀನ ಹಂಗ ಹೇಳಿದಿ ಏನ?"

"ಹೂಂ."

"ಯಾಕ?"

"ನಿನ್ನ ಹೊಡೀತಾರ ಅಂತ."

ಅವ್ವ ನನ್ನನ್ನು ಹತ್ತಿರ ಎಳೆದುಕೊಂಡಳು, ಆದರೆ ಮಾತು ಮೆತ್ತಗೆ ಮಾಡಲಿಲ್ಲ. "ನನ್ನ ಉಳಸಾಕ ಆಕಿನ್ನ ಕೊಟ್ಟಿ. ನಾಳೆ ನೀನ ಹೋಗಿ ಹೇಳು. ನಾ ಬಾಗಲತನಾ ಬರ್ತೀನಿ."

ಸಿಯಾಲ್ದಾದ ಆ ಕಟ್ಟಡದ ಕೆಳಗೆ ಸಗಟು ತರಕಾರಿಯ ಗಲಾಟೆ. ಕೊಳೆತ ಕೋಸಿನೆಲೆಗಳ ಮೇಲೆ ಕಾಲಿಡುತ್ತ ಹೋದೆವು. ಅವ್ವ ಹೇಳಿದಂತೆ ಬಾಗಿಲ ಹೊರಗೇ ನಿಂತಳು. ಒಳಗೆ ಎಡ್ನಾ ಆಂಟಿ ಒಣದ್ರಾಕ್ಷಿ ಹೆಚ್ಚುತ್ತ ಕೂತಿದ್ದರು. ಚರ್ಚು ಬಿಟ್ಟರೂ ಡಿಸೆಂಬರಿನ ಕೇಕು ಬಿಟ್ಟಿರಲಿಲ್ಲ. ನಾನು ನಿಂತಲ್ಲೇ, ಹಿಂದಿ ಇಂಗ್ಲಿಷು ಎರಡನ್ನೂ ಕಲಸಿ, ಎಲ್ಲ ಹೇಳಿದೆ.

"ಗೊತ್ತು," ಎಂದರು. "ಆ ಮುದುಕ ಅವತ್ತೇ ಹೇಳಿದ."

"ನಿಮಗೆ ಸಿಟ್ಟು ಬಂತಾ?"

"ಬಂತು. ತುಂಬಾ ಬಂತು. ಇನ್ನೂ ಇದೆ."

ಪರವಾಗಿಲ್ಲ ಬಿಡು ಎನ್ನುತ್ತಾರೆಂದು ಕಾದಿದ್ದ ನನಗೆ ಅಳು ಬಂತು. ಅವರು ಚಾಕು ಕೆಳಗಿಟ್ಟು, ಪಕ್ಕದ ಸ್ಟೂಲು ತೋರಿಸಿದರು. ನಾನು ಕೂತೆ. ಆಗ ಹೇಳಿದರು. ಅವರ ಅಮ್ಮನ ಅಮ್ಮ, ಅವರ ನಾನಿ, ಕಪ್ಪು ಬಣ್ಣದ ಹೆಂಗಸು, ಸೀರೆ ಉಡುತ್ತಿದ್ದಳು, ಹಿಂದಿ ಬಿಟ್ಟರೆ ಬೇರೆ ಬಾರದು. ಒಂದು ದಿನ ಊಟದ ಡಬ್ಬಿ ಹಿಡಿದು ಶಾಲೆಯ ಗೇಟಿಗೆ ಬಂದಳು. ಟೀಚರು, ಯಾರಿವರು ಎಂದು ಕೇಳಿದರು. "ನಮ್ಮ ಆಯಾ, ಅಂದೆ. ನಾನಿಗೆ ಅಷ್ಟು ಇಂಗ್ಲಿಷು ಗೊತ್ತಿತ್ತು. ಡಬ್ಬಿ ಕೊಟ್ಟು ಹೋದಳು. ನಾನು ಅವಳಿಗೆ ಯಾವತ್ತೂ ಹೇಳಲೇ ಇಲ್ಲ, ನಿನ್ನ ಹಾಗೆ ಹೀಗೆ ಬಂದು." ಒಂದು ಹಿಡಿ ದ್ರಾಕ್ಷಿಯನ್ನು ನನ್ನ ಮುಂದೆ ತಳ್ಳಿದರು. "ತೊಟ್ಟು ತೆಗೆ. ತಿನ್ನಬೇಡ, ಎಣಿಸಿಟ್ಟಿದ್ದೇನೆ. ನಿಮ್ಮಮ್ಮನನ್ನು ಒಳಗೆ ಕರಿ, ಹೊರಗೆ ಯಾಕೆ ಕಂಬದ ಹಾಗೆ ನಿಂತಿದ್ದಾಳೆ?"

ಚಳಿ ಮುಗಿಯುವ ಮೊದಲು ನಾವು ಹೌರಾ ಕಡೆ ಬಂದೆವು, ಹೊಳೆಯಾಚೆ ಒಂದು ಹೊಸ ಫ್ಲ್ಯಾಟಿಗೆ. ಹೊರಡುವ ದಿನ ತುಲಿ ಕಿಟಕಿಯ ಹಿಂದೆ ನಿಂತಿದ್ದಳು, ಹೊರಗೆ ಬರಲಿಲ್ಲ. ಎಡ್ನಾ ಆಂಟಿ ಹೊಸ ಮನೆಗೆ ಎರಡು ಸಲ ದೋಣಿ ಹತ್ತಿ ಬಂದರು. ಆಮೇಲೆ ಮಂಡಿನೋವು ನಿಜಕ್ಕೂ ಜೋರಾಯಿತು. ಶ್ರಾಬಣಿ ಮಾಸಿಗೆ ಬೇರೆ ಊರಿಗೆ ವರ್ಗವಾಯಿತು. ಎಂಟು ಹಬ್ಬಗಳನ್ನು ಅವ್ವ ಒಬ್ಬಳೇ ಮಾಡತೊಡಗಿದಳು. ನಾನು ಹನ್ನೆರಡನೆಯ ಕ್ಲಾಸಿನಲ್ಲಿದ್ದಾಗ ಎಡ್ನಾ ಆಂಟಿ ತೀರಿಕೊಂಡರು. ಮಾತು ಬಿಟ್ಟಿದ್ದ ತಮ್ಮ ಬಂದು ಚರ್ಚಿನ ಪದ್ಧತಿಯಂತೆಯೇ ಎಲ್ಲ ಮಾಡಿಸಿದ. ಅವರಿಗೆ ಏನು ಬೇಕಿತ್ತೆಂದು ಹೇಳಲು ನಮಗೆ ಯಾವ ಹಕ್ಕೂ ಇರಲಿಲ್ಲ. ಅವ್ವನೂ ನಾನೂ ಹಿಂದಿನ ಸಾಲಿನಲ್ಲಿ ನಿಂತು ಬಂದೆವು.

ಈಗ ನಾನೂ ಅವ್ವನ ಹಾದಿಯವಳೇ. ಈ ಊರಿನಲ್ಲಿ ನಮ್ಮಂಥವರ ಫೋನ್ ಗುಂಪೊಂದಿದೆ, ನಲವತ್ತರ ಹತ್ತಿರ ಜನ. ಬೆಂಗಳೂರಿನಿಂದ ಬಂದು ಐಟಿ ಕಂಪನಿಯಲ್ಲಿರುವ ಹುಡುಗನೊಬ್ಬ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಾನೆ. ಹಬ್ಬ ಬಂದರೆ ಒಂದು ಕೆಫೆಯ ಮಹಡಿಯಲ್ಲಿ ಸೇರುತ್ತೇವೆ. ಸುವಾಸನೆಯ ಮೇಣದಬತ್ತಿಗಳು ಮನೆ ಬಾಗಿಲಿಗೇ ಬರುತ್ತವೆ. ಹೋದ ವರ್ಷ ಒಬ್ಬ ಹುಡುಗಿ 'ವಿಚ್' ಎಂದು, ಅಂದರೆ ಅದೇ ಮಾಟಗಾತಿ ಎಂದು, ದೊಡ್ಡದಾಗಿ ಅಚ್ಚಾದ ಟೀ ಶರ್ಟು ಹಾಕಿಕೊಂಡು ಬಂದಿದ್ದಳು. ಎಲ್ಲರೂ ಅವಳ ಜೊತೆ ಫೋಟೊ ತೆಗೆಸಿಕೊಂಡರು. ನಾನೂ ತೆಗೆಸಿಕೊಂಡೆ. ಎಷ್ಟು ಹಗುರ ಎನಿಸಿತು. ಆ ಹಗುರವನ್ನು ನಾನು ಹೀಗಳೆಯುವುದಿಲ್ಲ. ಅವ್ವನಿಗೆ ಅದು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ಆ ನಲವತ್ತು ಜನರಲ್ಲಿ ಈ ವರ್ಷ ಯಾರ ಅಪ್ಪ ತೀರಿಕೊಂಡ ಎಂದು ನನಗೆ ಗೊತ್ತಿಲ್ಲ. ಯಾರ ಅಡುಗೆಮನೆಯನ್ನೂ ನಾನು ನೋಡಿಲ್ಲ. ಕ್ಯಾಬ್ ಬಂದ ಕೂಡಲೇ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಯಾರ ಮೇಲೆ ಯಾರು ಎಂಥ ಸುಳ್ಳು ಹೇಳಿದರೂ ಯಾರಿಗೂ ನೋವಾಗದಷ್ಟು ದೂರದಲ್ಲಿ ನಾವೆಲ್ಲ ಸುತ್ತ ಕೂತಿರುತ್ತೇವೆ.