ಎಕ್ಸ್‌ಪ್ಲೊರೇಟರಿ ಬೋರ್

ಅಥಣಿಯಲ್ಲಿ ನಾನು ಬಿ.ಎ. ಎರಡನೇ ವರ್ಷ ಓದುತ್ತಿದ್ದಾಗ ನಮ್ಮ ಮನೆತನದಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಅಂತರ್ಜಲದ ಕಚೇರಿಯಿಂದ ಬಂದ ಪತ್ರವನ್ನು ಕಾಕಾ ಅದಕ್ಕೇ ನನ್ನ ಕೈಗೆ ಕೊಟ್ಟರು. ಅವರ ದ್ರಾಕ್ಷಿ ತೋಟದ ಅಂಚಿನಲ್ಲಿ ‘ಎಕ್ಸ್‌ಪ್ಲೊರೇಟರಿ’ ಬೋರ್‌ವೆಲ್ ಕೊರೆಯಲು ಒಪ್ಪಿಗೆ ಬೇಕಿತ್ತು. ಆ ಪದವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಎಕ್ಸ್‌ಪ್ಲೋರರ್ ಎಂದರೆ ಹೊಸ ನಾಡು ಹುಡುಕಿಕೊಂಡು ಹೋಗುವವನು ಎಂದು ಗೊತ್ತಿತ್ತು. ಅದೇ ಅಂದಾಜಿನ ಮೇಲೆ, “ನೀರು ಹುಡುಕಾಕ ಬೋರ್ ಹೊಡಿತಾರಂತ, ಕಾಕಾ” ಎಂದೆ. ಕಾಕಾ ಅಲ್ಲೇ ಸಹಿ ಹಾಕಿದರು.

ಕೊರೆಯುವ ಗಾಡಿ ಬಂದು ಮೂರನೇ ದಿನ ನೀರು ಚಿಮ್ಮಿತು. ಕಾಕು ಕಾಯಿ ಒಡೆದು, ಗಾಡಿಯವರಿಗೆಲ್ಲ ಬೆಲ್ಲ ಹಂಚಿದಳು. ಪೈಪು ಎಲ್ಲಿಂದ ಎಲ್ಲಿಗೆ ಬೇಕೆಂದು ಕಾಕಾ ಹೆಜ್ಜೆ ಹಾಕಿ ಅಳೆಯತೊಡಗಿದರು. ಅಷ್ಟರಲ್ಲಿ ಕಚೇರಿಯವರು ನೀರಿನ ಮಟ್ಟ ಬರೆದುಕೊಂಡು, ಬಾಟಲಿಯಲ್ಲಿ ಒಂದಿಷ್ಟು ನೀರು ತುಂಬಿಕೊಂಡು, ಕೊಳವೆಯ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದರು. ಮೋಟರು ಯಾವಾಗ ಇಳಿಸುತ್ತೀರಿ ಎಂದು ಕಾಕಾ ಕೇಳಿದರು.

“ಮೋಟರ್ ಇಳಸೂದಿಲ್ರಿ. ಇದು ಎಕ್ಸ್‌ಪ್ಲೊರೇಟರಿ. ನೆಲದಾಗ ಎಷ್ಟ್ ನೀರೈತಿ ಅಂತ ನೋಡೂದಕ್ಕಷ್ಟ,” ಎಂದರು ಅಧಿಕಾರಿ. ಪತ್ರದಲ್ಲೇ ಬರೆದಿದೆಯಲ್ಲ ಎಂದೂ ಸೇರಿಸಿದರು.

ಕಾಕಾ ನನ್ನತ್ತ ತಿರುಗಿದರು. “ಹುಡುಕಾಕ ಅಂದ್ಯಲ್ಲವಾ ನೀ. ಸಿಕ್ಕ ಮ್ಯಾಲ ನಮಗ ಕೊಡೂದಿಲ್ಲ ಅಂತ ಯಾಕ ಹೇಳಲಿಲ್ಲ?”

ಮರುದಿನ ಕಾಲೇಜಿನ ನಿಘಂಟು ತೆಗೆದೆ. ‘ಶೋಧನಾತ್ಮಕ’ ಎಂದಿತ್ತು. ಮೈ ಉರಿಯಿತು. ಈ ಕನ್ನಡ ಹೇಳಿದ್ದರೂ ಕಾಕಾ ಸಹಿ ಹಾಕಿಯೇ ಹಾಕುತ್ತಿದ್ದರು. ಬರೀ ತಿಳಿಯುವುದಕ್ಕೆ, ಬಳಸುವುದಕ್ಕಲ್ಲ ಎಂದು ಒಂದು ಸಾಲು ಬರೆಯಲು ಅವರಿಗೆ ಏನು ಕಷ್ಟವಿತ್ತು?

ಬೋರ್ ನಮಗೆ ಬಿಟ್ಟುಕೊಡಿ ಎಂದು ನಾನೇ ಅರ್ಜಿ ಬರೆದು ಕಾಕಾನ ಜೊತೆ ಚಿಕ್ಕೋಡಿಯ ಕಚೇರಿಗೆ ಹೋದೆ. ಮೊದಲ ಸಲ ಸಾಹೇಬರಿರಲಿಲ್ಲ. ಎರಡನೇ ಸಲ, ಇದು ನಮಗೆ ಸಂಬಂಧಿಸಿದ್ದಲ್ಲ, ಬೆಳಗಾವಿಗೆ ಹೋಗಿ ಎಂದರು. ಬೆಳಗಾವಿಯಲ್ಲಿ ಅರ್ಜಿ ಇಸಿದುಕೊಂಡರು. ಉತ್ತರ ಬರಲೇ ಇಲ್ಲ. ವರ್ಷಕ್ಕೆರಡು ಸಲ ಒಬ್ಬರು ಬಂದು, ಬೀಗ ತೆಗೆದು, ಟೇಪು ಇಳಿಸಿ ನೋಡಿ, ಮತ್ತೆ ಬೀಗ ಹಾಕಿ ಹೋಗುತ್ತಿದ್ದರು.

ಆಮೇಲೆ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದೆ. ಪಾಠದಲ್ಲಿ ಆ ಪದ ಬಂದರೆ, ರೋಗ ಯಾವುದೆಂದು ತಿಳಿಯಲು ಮಾಡುವ ಆಪರೇಷನ್ನು, ಒಪ್ಪಂದಕ್ಕೆ ಮೊದಲಿನ ಮಾತುಕತೆ ಎಂದು ಉದಾಹರಣೆ ಕೊಡುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ.

ಕಾಕಾ ನನ್ನೊಡನೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಹೋದರೆ ಬುಟ್ಟಿ ತುಂಬ ದ್ರಾಕ್ಷಿ ಕೊಟ್ಟೇ ಕಳಿಸುತ್ತಾರೆ. ಆದರೆ ಇಂಗ್ಲಿಷಿನ ಪತ್ರ ಬಂದರೆ, ಸದಲಗಾದಲ್ಲಿರುವ ಅಳಿಯ ಬಂದು ಓದಿ ಹೇಳುವವರೆಗೂ ಅದನ್ನು ಟ್ರಂಕಿನಲ್ಲಿ ಇಟ್ಟಿರುತ್ತಾರೆ.